ರೊಪ್ಪ (ಕುರಿದೊಡ್ಡಿ) ಬಿಟ್ಟು ಅಟ್ಟಣಿಗೆ ಶೆಡ್ಡಿಗೆ ಹೋಗಬಹುದೇ? ಕುರಿ ಸಾಕಿದವರು ಅನುಭವ ತಿಳಿಸಿ

ಪ್ರಶ್ನೆ (ಶಿರಾ ತಾಲ್ಲೂಕು): ನಮ್ಮಲ್ಲಿ ನಲವತ್ತೆರಡು ಕುರಿಗಳೂ ಎರಡು ಟಗರುಗಳೂ ಇವೆ. ಅಪ್ಪನಿಗೆ ಮಂಡಿನೋವು ಹೆಚ್ಚಾಗಿ ಮೇಯಿಸಲು ಹೋಗಲಾಗುತ್ತಿಲ್ಲ. ಕಳೆದ ವಾರ ರೊಪ್ಪದ ಮುಳ್ಳುಬೇಲಿ ಸರಿದು ಎಂಟು ಕುರಿಗಳು ಪಕ್ಕದವರ ರಾಗಿಗೆ ನುಗ್ಗಿದ್ದರಿಂದ ದಂಡವನ್ನೂ ಕಟ್ಟಿದೆವು. ನೆಲದಿಂದ ಎತ್ತರಕ್ಕೆ ಮರದ ಪಟ್ಟಿಗಳ ಅಟ್ಟಣಿಗೆ ಹಾಕಿ, ಅಲ್ಲೇ ಕಟ್ಟಿ ಮೇಯಿಸಿದರೆ ಗಿಟ್ಟುತ್ತದೆಯೇ? ಮೇವು ಬೆಳೆಯಲು ಒಂದು ಎಕರೆ ನೀರಾವರಿ ಇದೆ.

ಚಳ್ಳಕೆರೆಯಿಂದ: ನಾನು 2019ರಲ್ಲಿ ಐವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಅಟ್ಟಣಿಗೆ ಹಾಕಿಸಿದೆ. ಕಬ್ಬಿಣ, ತಗಡು, ಮರ, ಕೂಲಿ ಎಲ್ಲ ಸೇರಿ 5,85,000 ರೂಪಾಯಿ ಆಯಿತು. ಬಡಗಿ ಎರಡನೆಯ ಸಲ ಬಂದು ತೆಗೆದುಕೊಂಡ 31,000 ಇದರಲ್ಲಿ ಸೇರಿಲ್ಲ. ಆ ಲೆಕ್ಕ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಪಟ್ಟಿಗಳ ನಡುವೆ ಒಂದಿಂಚು ಸಂದು ಬಿಡಿಸಿದ್ದೆ. ಹಿಕ್ಕೆ ಸಲೀಸಾಗಿ ಕೆಳಗೆ ಬೀಳುತ್ತದೆಂದು ಹಿಗ್ಗಿದ್ದು ಹನ್ನೆರಡೇ ದಿನ. ಹದಿಮೂರನೆಯ ರಾತ್ರಿ ನಾಲ್ಕು ದಿನದ ಮರಿಯೊಂದರ ಹಿಂಗಾಲು ಸಂದಿಗಿಳಿದು, ಅದು ಒದ್ದಾಡಿ ಒದ್ದಾಡಿ, ಬೆಳಗ್ಗೆ ನಾವು ನೋಡುವ ಹೊತ್ತಿಗೆ ಮೂಳೆ ಚರ್ಮದೊಳಗೇ ಎರಡಾಗಿತ್ತು. ಬಿದಿರಿನ ದಬ್ಬೆ ಕಟ್ಟಿ ಉಳಿಸಿಕೊಂಡೆವು; ಕುಂಟುಮರಿಗೆ ಸಂತೆಯಲ್ಲಿ ಅರ್ಧ ಬೆಲೆಯೂ ಬರಲಿಲ್ಲ. ಪಟ್ಟಿಗಳನ್ನೆಲ್ಲ ಕಿತ್ತು ಅರ್ಧ ಇಂಚಿಗೆ ಇಳಿಸಿದ ಮೇಲೆ ಹಿಕ್ಕೆ ಸಿಕ್ಕಿಕೊಳ್ಳತೊಡಗಿತು. ಈಗ ದಿನವೂ ಕಡ್ಡಿ ಹಿಡಿದು ಕೆದಕುತ್ತೇನೆ. ಆದರೂ ರೊಪ್ಪಕ್ಕೆ ಮರಳುವುದಿಲ್ಲ.

ಕುಷ್ಟಗಿಯಿಂದ: ಕಟ್ಟಿ ಸಾಕಿದರೆ ಅದು ಕುರಿಯಲ್ಲ, ಕೈದಿ. ನಮ್ಮದು ನೂರಿಪ್ಪತ್ತು ಡೆಕ್ಕನಿ ಕುರಿಗಳ ಮಂದೆ. ದೀಪಾವಳಿ ಕಳೆದ ಮೇಲೆ ಹೊರಟರೆ ಮುಂಗಾರಿಗೇ ಮರಳುವುದು, ಮೇವಿಗೆ ಒಂದು ಕಾಸೂ ಖರ್ಚಿಲ್ಲ. ಹೊಲದಲ್ಲಿ ಮಂದೆ ತಂಗಿಸಿದ್ದಕ್ಕೆ ರೈತರೇ ಕಾಳು ಇಲ್ಲವೇ ದುಡ್ಡು ಕೊಡುತ್ತಾರೆ. ನಷ್ಟವನ್ನೂ ಮುಚ್ಚಿಡುವುದಿಲ್ಲ. ಒಂದು ವರ್ಷ ಮಳೆ ಕೈಕೊಟ್ಟು ಸೊರಗಿದ್ದ ಜೋಳದ ಎಳೆಯ ಕುಳೆಗೆ (ಕೊಯ್ದ ಮೇಲೆ ಮತ್ತೆ ಚಿಗುರಿದ ಪೈರಿಗೆ), ಅದರಲ್ಲಿ ವಿಷವಿರುತ್ತದೆಂದು ತಿಳಿಯದೆ ನನ್ನ ತಮ್ಮ ಕುರಿ ಬಿಟ್ಟ. ಅರ್ಧ ಗಂಟೆಯೊಳಗೆ ಏದುಸಿರು ಬಿಡುತ್ತ ಹನ್ನೊಂದು ಕುರಿಗಳು ಮಗುಚಿ ಬಿದ್ದವು. ವೈದ್ಯರು ಬರುವಷ್ಟರಲ್ಲಿ ಉಳಿದಿದ್ದು ಎರಡು. ಸತ್ತವನ್ನು ಅಂದೇ ಹೂತುಬಿಟ್ಟೆವು. ಮರಣೋತ್ತರ ಪರೀಕ್ಷೆ ಆಗದ್ದರಿಂದ ಸತ್ತ ಕುರಿಗೆ ಸರ್ಕಾರ ಪರಿಹಾರ ಕೊಡುವ ಅನುಗ್ರಹ ಯೋಜನೆಯಡಿ ಆಗ ತಲೆಗೆ ಸಿಗಬೇಕಿದ್ದ 5,000 ರೂಪಾಯಿಯೂ ಕೈತಪ್ಪಿತು. ಉಣ್ಣೆಯ ಮಾತಂತೂ ಬೇಡ, ಕತ್ತರಿಸಿದವರ ಕೂಲಿಯೂ ಅದರಲ್ಲಿ ಹುಟ್ಟುವುದಿಲ್ಲ.

ಚಳ್ಳಕೆರೆಯಿಂದ: ಒಂಬತ್ತು ಕುರಿ ಹೂತವರು ನನ್ನ ಒಂದು ಕುಂಟುಮರಿಗೆ ಕೈದಿ ಎನ್ನುತ್ತೀರಲ್ಲ ಯಜಮಾನರೇ!

ಕುಷ್ಟಗಿಯಿಂದ: ಆರು ಲಕ್ಷ ಹಾಕಿ ಕಡ್ಡಿಯಲ್ಲಿ ಹಿಕ್ಕೆ ಕೆದಕುವ ಸುಖ ತಮಗೇ ಇರಲಿ.

ಮಳವಳ್ಳಿಯಿಂದ: ಯಾವ ತಳಿ ಗಿಟ್ಟುತ್ತದೆ ಎಂಬ ಮಾತನ್ನೇ ಇಬ್ಬರೂ ಎತ್ತಲಿಲ್ಲ. ನಾಲ್ಕೇ ಬನ್ನೂರು ಕುರಿ ಸಾಕಿದರೂ ಸಂಸಾರ ಸಾಗುತ್ತದೆ. ನಾನು 48,000 ಕೊಟ್ಟು ತಂದ ಟಗರು ಮೂರನೆಯ ದಿನವೇ ನೀರಿನ ತೊಟ್ಟಿಯಲ್ಲಿ ತನ್ನ ನೆರಳನ್ನು ಕಂಡು ಗುದ್ದಿ ತೊಟ್ಟಿಯನ್ನು ಒಡೆಯಿತು ಎಂಬುದು ಬೇರೆ ಮಾತು.

ಮದ್ದೂರಿನಿಂದ: ಮಳವಳ್ಳಿಯವರೇ ಹೀಗೆ ಬರೆದರೆ ಹೇಗೆ ಸ್ವಾಮಿ? ಅದು ಬಂಡೂರು ಕುರಿ. ಬಂಡೂರು ನಿಮ್ಮ ತಾಲ್ಲೂಕಿನದೇ ಊರು. ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ.

ಮಳವಳ್ಳಿಯಿಂದ: ಸಂತೆಯಲ್ಲಿ ಬನ್ನೂರು ಎಂದರೇ ಗಿರಾಕಿ ನಿಲ್ಲುವುದು. ಊರಿನ ಹೆಸರು ನನಗೆ ಗೊತ್ತಿಲ್ಲವೇ?

ಹಿರಿಯೂರಿನಿಂದ: ಗಂಡಸರೆಲ್ಲ ಬರೀ ತಗಡಿನ ಲೆಕ್ಕ ಕೊಟ್ಟಿರಿ; ಶೆಡ್ಡಿನ ಕೆಳಗೆ ಬಗ್ಗಿ ಗೊಬ್ಬರ ಬಾಚುವವರು ಯಾರು, ತಬ್ಬಲಿ ಮರಿಗೆ ರಾತ್ರಿ ಎದ್ದು ಬಾಟಲಿ ಹಾಲು ಕುಡಿಸುವವರು ಯಾರು ಎಂಬುದನ್ನು ಯಾರೂ ಬರೆಯಲಿಲ್ಲ. ಹೋದ ವರ್ಷ ನಾದಿನಿಯ ಮದುವೆಯಲ್ಲಿ ಉಳಿದ ಅನ್ನವನ್ನು ಹಾಳಾಗಬಾರದೆಂದು ನಮ್ಮ ಮಾವನವರು ಕುರಿಗಳಿಗೆ ಸುರಿದರು. ಮರುದಿನ ಆರು ಕುರಿಗಳು ಮೆಲುಕು ನಿಲ್ಲಿಸಿ ಹಲ್ಲು ಕಡಿಯುತ್ತ ನಿಂತಿದ್ದವು. ಹೊಟ್ಟೆ ಮುಟ್ಟಿದರೆ ನೀರು ತುಂಬಿದ ತಿತ್ತಿಯಂತೆ ಅಲುಗುತ್ತಿತ್ತು. ಅಡುಗೆ ಸೋಡಾ ಕದಡಿ ಕುಡಿಸಿದೆವು, ವೈದ್ಯರು ಬಾಟಲಿ ಏರಿಸಿದರು, ನಾಲ್ಕು ಉಳಿದವು. ಖರ್ಚು 3,400 ರೂಪಾಯಿ.

ಕುಷ್ಟಗಿಯಿಂದ: ಶೇಂಗಾ ಎಣ್ಣೆ ಕುಡಿಸಿದ್ದರೆ ಆರೂ ಉಳಿಯುತ್ತಿದ್ದವು ತಾಯಿ.

ಹಿರಿಯೂರಿನಿಂದ: ಎಣ್ಣೆ ಗಾಳಿ ತುಂಬಿದ ಉಬ್ಬರಕ್ಕೆ ಅಣ್ಣಾ. ಇದು ಅನ್ನ ತಿಂದು ಒಳಗೆ ಹುಳಿಯಾದದ್ದು. ಎರಡನ್ನೂ ಒಂದೇ ಎಂದು ತಿಳಿದೇ ಅರ್ಧ ಊರಿನ ಕುರಿಗಳು ಸಾಯುತ್ತವೆ.

ಶಿರಾ (ಪ್ರಶ್ನೆ ಕೇಳಿದವರು): ಎಲ್ಲರಿಗೂ ವಂದನೆಗಳು. ಮಂಡಿನೋವಿನ ಅಪ್ಪ ಅಟ್ಟಣಿಗೆಯ ಮೆಟ್ಟಿಲು ಹತ್ತಬಲ್ಲರೇ ಎಂಬುದೇ ಈಗ ನನ್ನ ಚಿಂತೆ. ಮರಿಗಳಿರುವ ಮೂಲೆಗೆ ಮಾತ್ರ ಹಲಗೆ ಹಾಸಿ, ಉಳಿದ ಕಡೆ ಸಂದು ಬಿಡಬಹುದೇ?

ಚಳ್ಳಕೆರೆಯಿಂದ: ಬಿಡಬಹುದು ತಮ್ಮಾ, ಆದರೆ ಹಲಗೆಗೆ ಮೊಳೆ ಹೊಡೆಯಬೇಡಿ. ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕದಿದ್ದರೆ ಗಂಜಲ ನೆನೆದು ಮರಿಗಳ ಗೊರಸು ಕೊಳೆಯುತ್ತದೆ. ಮೆಟ್ಟಿಲು ಬೇಡ, ಇಳಿಜಾರು ಮಾಡಿಸಿ. ನಾನು ಮೊದಲು ಮಾಡಿಸಿರಲಿಲ್ಲ, ಆಮೇಲೆ ಅದಕ್ಕೂ 9,000 ಆಯಿತು.