ಸಹಾಯ ಬೇಕು: ತಂಗಿಯ ಜೊತೆ ಕೂತು ಮಾತಾಡುವವರು ಶಿರಸಿ, ಕುಮಟಾ ಕಡೆ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಹತ್ತಿರದವರು. ಮೂರು ವಾರದ ಹಿಂದೆ ನನ್ನ ತಂಗಿಗೆ ನಾಲ್ಕನೇ ತಿಂಗಳಲ್ಲಿ ಗರ್ಭಪಾತ ಆಯಿತು. ಆಸ್ಪತ್ರೆಯಲ್ಲಿ ಅವಳನ್ನು ಬಾಣಂತಿಯರ ವಾರ್ಡಿನಲ್ಲೇ ಮಲಗಿಸಿದ್ದರು. ಪಕ್ಕದ ಮಂಚದಲ್ಲಿ ಎರಡು ದಿನದ ಕೂಸು. ಅದು ಅತ್ತಾಗಲೆಲ್ಲ ಇವಳು ಗೋಡೆ ಕಡೆ ತಿರುಗುತ್ತಿದ್ದಳು. ನಡುವೆ ಒಂದು ಪರದೆಯಾದರೂ ಎಳೆಯಬಹುದಿತ್ತು, ಅಲ್ವಾ?

ಅವಳದ್ದು ಓ ನೆಗೆಟಿವ್ ರಕ್ತ. ಮುಂದಿನ ಬಸಿರಿಗೆ ತೊಂದರೆಯಾಗದಂತೆ ನೆಗೆಟಿವ್ ರಕ್ತದವರಿಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಕೊಟ್ಟರು, ಅದೊಂದು ಸಮಾಧಾನ. ಮೈ ಸುಧಾರಿಸಿದೆ, ಮನಸ್ಸು ಇಲ್ಲ. ಬಂದವರೆಲ್ಲ "ಇನ್ನೂ ವಯಸ್ಸಿದೆ ಬಿಡು" ಅನ್ನುತ್ತಾರೆ. ಅಡಿಕೆ ಬುಟ್ಟಿ ಎತ್ತಿದ್ದಕ್ಕೇ ಹೀಗಾಯಿತು ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ಅದಲ್ಲ ಕಾರಣ ಅಂತ ಡಾಕ್ಟರ್ ಹೇಳಿದರೂ ಒಪ್ಪುವುದಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ (14416) ಫೋನ್ ಮಾಡಿದೆವು, ಕನ್ನಡದಲ್ಲೇ ಮಾತಾಡಿದರು. ಆದರೆ ಅವಳಿಗೆ ಎದುರು ಕೂತು ಮಾತಾಡಬೇಕಂತೆ. ಶಿರಸಿ, ಕುಮಟಾ, ಕಾರವಾರದಲ್ಲಿ ಒಳ್ಳೆಯ ಮಹಿಳಾ ಕೌನ್ಸೆಲರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇದೇ ನೋವು ಕಂಡ ಅಕ್ಕಂದಿರು ಯಾರಾದರೂ ಅರ್ಧ ಗಂಟೆ ಅವಳ ಜೊತೆ ಸುಮ್ನೆ ಕೂತರೂ ಸಾಕು. ನಾನೇ ಕರೆದುಕೊಂಡು ಬರುತ್ತೇನೆ.

ಇನ್ನೊಂದು. ಗರ್ಭಪಾತವಾದರೆ 6 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಖಾಸಗಿ ಕೆಲಸದಲ್ಲಿದ್ದು ಅದನ್ನು ಪಡೆದವರು, ಯಾವ ಕಾಗದ ಕೊಟ್ಟಿರಿ ಹೇಳುತ್ತೀರಾ?