ಕೆಲಸವೆಲ್ಲ ಮ್ಯಾನೇಜರ್‌ದು, ಹುದ್ದೆ ಮಾತ್ರ ‘ಆಕ್ಟಿಂಗ್’. ಈಗ ಏನು ಕೇಳಬೇಕು?

ಬೆಳ್ಳಂದೂರು ಸಂಜೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ಹೆಸರು ಬೇಡ. ಬ್ಯಾಕೆಂಡ್ ಕೆಲಸ, ಅನುಭವ ಹನ್ನೆರಡು ವರ್ಷದ ಮೇಲಾಯಿತು. ಹೋದ ವರ್ಷ ನಮ್ಮ ಮ್ಯಾನೇಜರ್ ಪೇಪರ್ ಹಾಕಿ ಹೊರಟರು. ಡೈರೆಕ್ಟರ್ ನನ್ನನ್ನು ಕರೆದು “ಸದ್ಯಕ್ಕೆ ನೀವೇ ನೋಡಿಕೊಳ್ಳಿ, ಆಮೇಲೆ ನೋಡೋಣ” ಎಂದರು. ಆ ಆಮೇಲೆ ಇನ್ನೂ ಬಂದಿಲ್ಲ.

ಒನ್ ಆನ್ ಒನ್ ನಾನೇ ಮಾಡಬೇಕು, ಸ್ಪ್ರಿಂಟ್ ಪ್ಲಾನಿಂಗ್ ನಾನೇ, ಹೊಸಬರು ಬಂದರೆ ಕಲಿಸುವುದು ನಾನೇ, ಇಬ್ಬರು ಮುಖ ತಿರುಗಿಸಿಕೊಂಡರೆ ರಾಜಿ ಮಾಡಿಸುವುದೂ ನಾನೇ, ರಾತ್ರಿ ಪ್ರೊಡಕ್ಷನ್ (ಗ್ರಾಹಕರು ಬಳಸುವ ಸಿಸ್ಟಮ್) ಬಿದ್ದರೆ ಫೋನ್ ಬರುವುದೂ ನನಗೇ. ರೇಟಿಂಗ್ ಹಾಕುವುದು ಮಾತ್ರ ಡೈರೆಕ್ಟರ್. ನನ್ನನ್ನು ‘ಇನ್‌ಪುಟ್’ ಕೇಳುತ್ತಾರೆ, ಅಷ್ಟೇ.

ಈಗ ಎರಡು ದಾರಿ ಮುಂದಿಟ್ಟಿದ್ದಾರೆ. ಒಂದು, ಪೂರ್ತಿ ಮ್ಯಾನೇಜರ್ ಆಗುವುದು. ಸಂಬಳ ಈಗಿನದ್ದೇ, “ಏಪ್ರಿಲ್‌ನಲ್ಲಿ ನೋಡೋಣ”. ಇನ್ನೊಂದು, ವಾಪಸ್ ಟೆಕ್ನಿಕಲ್ ಕಡೆ ಹೋಗಿ ಸ್ಟಾಫ್ ಇಂಜಿನಿಯರ್, ಅಂದರೆ ಟೀಮ್ ನಡೆಸದ ಹಿರಿಯ ಇಂಜಿನಿಯರ್ ಹುದ್ದೆಗೆ ಪ್ರಯತ್ನಿಸುವುದು. ಡೈರೆಕ್ಟರ್ ಒಳ್ಳೆಯವರೇ. ಆದರೆ “ನೀವು ಜನರ ಜೊತೆ ಚೆನ್ನಾಗಿ ಬೆರೆಯುತ್ತೀರಿ, ನಿಮಗೆ ಮ್ಯಾನೇಜ್‌ಮೆಂಟೇ ಸರಿ” ಎಂದು ಎರಡು ಮೂರು ಸಲ ಹೇಳಿದರು. ನನಗಿಂತ ಕಡಿಮೆ ಕೋಡ್ ಬರೆಯುವ ಗಂಡಸರಿಗೆ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಇದು ಹೊಗಳಿಕೆಯೋ ಅಥವಾ ಕೋಡ್‌ನಿಂದ ಮೆಲ್ಲಗೆ ಆಚೆ ತಳ್ಳುವುದೋ ಗೊತ್ತಾಗುತ್ತಿಲ್ಲ.

ಮಗಳು ಚಿಕ್ಕವಳು, ಈ ವರ್ಷ ಎಲ್‌ಕೆಜಿ. ಮನೆಯವರ ಸಪೋರ್ಟ್ ಇದೆ. ಅತ್ತೆ ಮಾತ್ರ “ಇರೋ ಕೆಲಸಾನೇ ಸಾಕಲ್ವೇನಮ್ಮ” ಅನ್ನುತ್ತಾರೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ನೇರವಾಗಿ ಹೇಳಿ. ಸಮಾಧಾನ ಬೇಡ.

ಫಿಲ್ಟರ್ ಕಾಫಿ ಡಬಲ್:

ನೇರವಾಗಿ ಅಂದಿದ್ದೀರಿ, ಹಾಗಾಗಿ ಹೇಳುತ್ತೇನೆ. ನಾನು ಇಂಜಿನಿಯರಿಂಗ್ ಮ್ಯಾನೇಜರ್ ಆಗಿ ಹಲವು ವರ್ಷ ಆಯಿತು, ಈಗ ಮ್ಯಾನೇಜರ್‌ಗಳಿಗೆ ಮ್ಯಾನೇಜರ್. ಯಾವ ದಾರಿ ಅನ್ನುವುದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ನಿಮ್ಮ ಕೈಗೆ ಏನು ಕೊಡುತ್ತಾರೆ? ಮದುವೆ ಮನೆಯಲ್ಲಿ ಅಡುಗೆ ಉಸ್ತುವಾರಿ ಪೂರ್ತಿ ನಿಮ್ಮದು, ಉಗ್ರಾಣದ ಬೀಗದ ಕೈ ಮಾತ್ರ ಇನ್ನೊಬ್ಬರ ಸೊಂಟದಲ್ಲಿ. ಈಗ ನಿಮ್ಮ ಸ್ಥಿತಿ ಅದು.

ಮ್ಯಾನೇಜರ್ ಆಗುವುದಾದರೆ ಇವನ್ನು ಕೇಳಿ. ರೇಟಿಂಗ್ ನೀವು ಹಾಕುತ್ತೀರಾ? ಕ್ಯಾಲಿಬ್ರೇಷನ್ ಮೀಟಿಂಗ್‌ನಲ್ಲಿ ನಿಮಗೆ ಕುರ್ಚಿ ಇದೆಯಾ? ಇದು ಬಹಳ ಮುಖ್ಯ, ಯಾಕೆಂದರೆ ಯಾರಿಗೆ ಪ್ರಮೋಷನ್, ಯಾರಿಗೆ ಎಷ್ಟು ಹೈಕ್ ಅನ್ನುವುದು ಆ ರೂಮಿನಲ್ಲೇ ತೀರ್ಮಾನ ಆಗುವುದು, ನಿಮ್ಮ ಟೀಮ್‌ನ ಹುಡುಗನ ಪರವಾಗಿ ಅಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರೆ ನೀವು ಮ್ಯಾನೇಜರ್ ಅಲ್ಲ, ಮಾನಿಟರ್. ಒಬ್ಬರು ಬಿಟ್ಟು ಹೋದರೆ ಆ ಜಾಗಕ್ಕೆ ಯಾರನ್ನು ತೆಗೆದುಕೊಳ್ಳಬೇಕು ಅನ್ನುವ ಕೊನೇ ಮಾತು ನಿಮ್ಮದಾ? ಇವಕ್ಕೆಲ್ಲ ಹೌದು ಅಂದರೆ ಲೆಟರ್‌ನಲ್ಲಿ ಹುದ್ದೆ, ಗ್ರೇಡ್, ಯಾವ ತಾರೀಖಿನಿಂದ ಅನ್ನುವುದು ಬರಬೇಕು. “ಏಪ್ರಿಲ್‌ನಲ್ಲಿ ನೋಡೋಣ” ಅನ್ನುವುದಕ್ಕೆ ಬೆಲೆ ಇಲ್ಲ. ಏಪ್ರಿಲ್ ಹೊತ್ತಿಗೆ ಆ ಡೈರೆಕ್ಟರ್ ಬೇರೆ ಕಂಪನಿಯಲ್ಲಿರಬಹುದು, ಹೊಸಬರು ಬಂದು “ನನಗೇನೂ ಗೊತ್ತಿಲ್ವಲ್ಲ” ಅನ್ನುತ್ತಾರೆ.

ಸ್ಟಾಫ್ ಇಂಜಿನಿಯರ್ ದಾರಿ ಸುಲಭ ಅಂದುಕೊಳ್ಳಬೇಡಿ. ಅಲ್ಲಿ ಕಮಿಟಿ ಕೇಳುವುದು ಡಿಸೈನ್ ಡಾಕ್ಯುಮೆಂಟ್, ಅದರ ಮೇಲೆ ಇರುವ ಹೆಸರು, ಎಷ್ಟು ಟೀಮ್‌ಗಳು ಅದನ್ನು ಬಳಸಿದವು ಅನ್ನುವುದು. ಹೊಸಬರಿಗೆ ಕಲಿಸಿದ್ದು, ಜಗಳ ಬಿಡಿಸಿದ್ದು, ಮೀಟಿಂಗ್ ನೋಟ್ಸ್ ಬರೆದಿದ್ದು, ದೀಪಾವಳಿ ಎಥ್ನಿಕ್ ಡೇ ನಡೆಸಿದ್ದು ಯಾವುದೂ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ವರ್ಷ ಪೂರ್ತಿ ನೀವು ಮಾಡಿದ್ದು ಅದೇ ತಾನೇ? ಹಾಗಾಗಿ “ವಾಪಸ್ ಟೆಕ್ನಿಕಲ್” ಅಂದರೆ ಸೊನ್ನೆಯಿಂದ ಶುರು ಮಾಡಿಸುತ್ತಾರೆ, ಹುಷಾರು. ನಿಮ್ಮ ಕಂಪನಿಯಲ್ಲಿ ಸ್ಟಾಫ್ ಮತ್ತು ಅದರ ಮೇಲೆ ಎಷ್ಟು ಜನ ಹೆಂಗಸರಿದ್ದಾರೆ, ಒಳಗಿನಿಂದ ಮೇಲೆ ಬಂದವರೋ ಹೊರಗಿನಿಂದ ತಂದವರೋ, ಅದನ್ನು ಮೊದಲು ನೋಡಿ.

“ಜನರ ಜೊತೆ ಬೆರೆಯುತ್ತೀರಿ” ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಗಳಿಕೆ ಆಗಿದ್ದರೆ ಅದು ಸಂಬಳದಲ್ಲಿ ಕಾಣುತ್ತದೆ.

ಪ್ರಭಾರಿ ಮೇಡಂ:

ಆಕ್ಟಿಂಗ್ ಅಂತ ನೋಡಿ ನಗು ಬಂತು. ನಮ್ಮ ಕಡೆ ಇದಕ್ಕೆ ‘ಪ್ರಭಾರ’ ಅನ್ನುತ್ತೇವೆ. ನಾನು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರಭಾರ ಪ್ರಾಂಶುಪಾಲಳಾಗಿದ್ದವಳು. ಊರು ಹೇಳುವುದಿಲ್ಲ. ಅಡ್ಮಿಷನ್, ಸ್ಕಾಲರ್‌ಶಿಪ್, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲು, ಪರೀಕ್ಷೆ ದಿನ ಕರೆಂಟ್ ಹೋದರೆ ಜನರೇಟರ್‌ಗೆ ಡೀಸೆಲ್ ತರಿಸುವುದು ಎಲ್ಲವೂ ನನ್ನ ತಲೆ ಮೇಲೆ. ಜೊತೆಗೆ ನನ್ನ ಕ್ಲಾಸುಗಳೂ ಇರುತ್ತಿದ್ದವು. ಸ್ಟಾಫ್ ಮೀಟಿಂಗ್‌ನಲ್ಲಿ ಏನಾದರೂ ಗಟ್ಟಿಯಾಗಿ ಹೇಳಿದರೆ “ಮೇಡಂ, ನೀವು ಪ್ರಭಾರ ತಾನೇ, ಪರ್ಮನೆಂಟ್ ಬರಲಿ ಬಿಡಿ” ಎಂದು ಒಬ್ಬರಾದರೂ ಹೇಳೋರು.

ಖಾಯಂ ಪ್ರಾಂಶುಪಾಲರ ಹುದ್ದೆಗೆ ಹೆಂಗಸರು ಯಾಕೆ ತಲುಪುವುದಿಲ್ಲ ಅನ್ನುವುದಕ್ಕೆ ನಾನು ಕಂಡ ಕಾರಣ ಹೇಳುತ್ತೇನೆ, ಯಾರೂ ಕೂತು ಪಿತೂರಿ ಮಾಡಿದ್ದಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದ ಪ್ರಕಾರ ಕಾಲೇಜು ಪ್ರಾಂಶುಪಾಲರಾಗಲು ಪಿಎಚ್‌ಡಿ ಬೇಕು, 15 ವರ್ಷದ ಅನುಭವ ಬೇಕು, ಕನಿಷ್ಠ 10 ಸಂಶೋಧನಾ ಪ್ರಬಂಧ ಪ್ರಕಟ ಆಗಿರಬೇಕು. ಅನುಭವ ಎಲ್ಲರಿಗೂ ತಾನಾಗಿಯೇ ಆಗುತ್ತದೆ. ಪಿಎಚ್‌ಡಿ, ಪ್ರಬಂಧ ಆಗುವುದಿಲ್ಲ. ಮಕ್ಕಳು ಎಸ್‌ಎಸ್‌ಎಲ್‌ಸಿ ದಾಟಲಿ ಎಂದು ಮುಂದೂಡಿದವರು ಎಷ್ಟು ಜನ! ಮಕ್ಕಳು ದಾಟುವ ಹೊತ್ತಿಗೆ ಅತ್ತೆ ಮಾವನ ಆಸ್ಪತ್ರೆ ಓಡಾಟ ಶುರುವಾಗಿರುತ್ತದೆ. ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಅವಧಿ, ಮಕ್ಕಳಿಗಾಗಿ 240 ದಿನದವರೆಗೆ ರಜೆ ಎಂದು ಯುಜಿಸಿಯೇ 2016ರಲ್ಲಿ ಬರೆದಿದೆ. ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನಕ್ಕೆ ಅದು ಗೊತ್ತೇ ಇರಲಿಲ್ಲ, ಗೈಡ್‌ಗಳೂ ಹೇಳಿರಲಿಲ್ಲ. ನಿಮ್ಮ ಲೈನ್ ಬೇರೆ, ಆದರೂ ಮುಂದಿನ ಹುದ್ದೆಗೆ ಕಾಗದದ ಮೇಲೆ ಏನು ಕೇಳುತ್ತಾರೆ ಅನ್ನುವುದನ್ನು ಈಗಲೇ ತರಿಸಿಕೊಂಡು ಓದಿ. ಪ್ರಭಾರದ ವರ್ಷಗಳಲ್ಲಿ ಅದೇ ಹಿಂದೆ ಬೀಳುವುದು.

ಸುಮ್ನೆ ಒಂದು ಮಾತು:

ಬೇಜಾರು ಮಾಡಿಕೊಳ್ಳಬೇಡಿ, ಇದರಲ್ಲಿ ಗಂಡು ಹೆಣ್ಣು ಎಲ್ಲಿ ಬಂತು? ನನ್ನನ್ನೂ ಆಕ್ಟಿಂಗ್ ಮಾಡಿ ದುಡಿಸಿಕೊಂಡಿದ್ದಾರೆ. ಕಂಪನಿಗೆ ದುಡ್ಡು ಉಳಿಯುತ್ತದೆ ಅಂದರೆ ಯಾರನ್ನು ಬೇಕಾದರೂ ಹಾಗೇ ಇಡುತ್ತಾರೆ. ಈಗ ಇಸ್ರೋದಲ್ಲೇ ಹೆಂಗಸರು ರಾಕೆಟ್ ಹಾರಿಸುತ್ತಿದ್ದಾರೆ, ಇನ್ನೂ ಇದೇ ರಾಗ ಯಾಕೆ?

ಲ್ಯಾಬ್ ಕೋಟು:

ಸರ್, ಗಂಡಸರಿಗೂ ಆಗುತ್ತದೆ, ಒಪ್ಪಿದೆ. ಆದರೆ ಇಸ್ರೋ ಉದಾಹರಣೆ ನಿಮ್ಮ ಮಾತಿಗಿಂತ ನಮ್ಮ ಮಾತಿಗೇ ಜಾಸ್ತಿ ಹೊಂದುತ್ತದೆ. 2019ರ ಚಂದ್ರಯಾನ-2ರಲ್ಲಿ ಎಂ. ವನಿತಾ ಪ್ರಾಜೆಕ್ಟ್ ಡೈರೆಕ್ಟರ್, ರಿತು ಕರಿಧಾಳ್ ಮಿಷನ್ ಡೈರೆಕ್ಟರ್. ಆದಿತ್ಯ-ಎಲ್1ಕ್ಕೆ ನಿಗಾರ್ ಶಾಜಿ ಪ್ರಾಜೆಕ್ಟ್ ಡೈರೆಕ್ಟರ್. ಅದಕ್ಕೂ ಮೊದಲು 2011ರಲ್ಲಿ ಜಿಸ್ಯಾಟ್-12ಕ್ಕೆ ಟಿ.ಕೆ. ಅನುರಾಧಾ. ಇವರು ಯಾರೂ “ಸದ್ಯಕ್ಕೆ ನೋಡಿಕೊಳ್ಳಿ” ಅನ್ನಿಸಿಕೊಂಡವರಲ್ಲ. ಪ್ರಾಜೆಕ್ಟ್ ಡೈರೆಕ್ಟರ್ ಅನ್ನುವುದು ಹೆಸರಿಟ್ಟು ಕೊಟ್ಟ ಹುದ್ದೆ, ಹೊಣೆ ಯಾರದು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಅಲ್ಲೂ ಅಧ್ಯಕ್ಷರ ಕುರ್ಚಿಗೆ ಇದುವರೆಗೆ ಹೆಂಗಸರು ಬಂದಿಲ್ಲ, ಅದು ಬೇರೆ ಮಾತು. ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಶುರುವಾಗಿದ್ದು 1942ರಲ್ಲಿ, ಮೊದಲ ಮಹಿಳಾ ಮಹಾನಿರ್ದೇಶಕಿ ಎನ್. ಕಲೈಸೆಲ್ವಿ ಬಂದಿದ್ದು 2022ರಲ್ಲಿ. ಎಂಬತ್ತು ವರ್ಷ!

ನಮ್ಮ ಊರಿನದೇ ಹಳೇ ಕಥೆ ಒಂದಿದೆ. 1933ರಲ್ಲಿ ಕಮಲಾ ಸೊಹೊನಿ, ಆಗಿನ್ನೂ ಕಮಲಾ ಭಾಗವತ್, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಅದೇ ಐಐಎಸ್‌ಸಿ, ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಂಗಸು ಅನ್ನುವ ಕಾರಣಕ್ಕೆ ಬೇಡ ಎಂದರು. ಇವರು ಬಿಡದೆ ಬಂದು ಎದುರಿಗೇ ವಾದ ಮಾಡಿದರು. ಕೊನೆಗೆ ಸೇರಿಸಿಕೊಂಡರು, ಆದರೆ ಮೊದಲ ವರ್ಷ ಪ್ರೊಬೇಷನ್, ಕೆಲಸ ಮೆಚ್ಚುಗೆ ಆದರೆ ಮಾತ್ರ ಮುಂದೆ. ಜೊತೆಗೆ ಗಂಡಸರ ಗಮನ ಕೆಡಿಸಬಾರದು ಅನ್ನುವ ಷರತ್ತು ಬೇರೆ! ಆ ವರ್ಷ ಆದ ಮೇಲೆ ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು, 1939ರಲ್ಲಿ ಅವರು ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ಮುಂದೆ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆ ಮಾಡಿದ ರಾಜೇಶ್ವರಿ ಚಟರ್ಜಿ ವಿಭಾಗದ ಮುಖ್ಯಸ್ಥರೂ ಆದರು, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೇಳುವುದು ಇವರನ್ನೇ.

ನೀವು ಕೇಳಿದ್ದು ಇದರಲ್ಲಿ ಗಂಡು ಹೆಣ್ಣು ಎಲ್ಲಿ ಬಂತು ಅಂತ. ಗಂಡು ಹುಡುಗನಿಗೆ ಮಾರ್ಕ್ಸ್ ಕಾರ್ಡ್ ಸಾಕಾಗಿತ್ತು ಸರ್. ಇವರಿಗೆ ಅದರ ಮೇಲೆ ಒಂದು ವರ್ಷ ಪರೀಕ್ಷೆ. ಬೆಳ್ಳಂದೂರು ಮೇಡಂ ಕೊಡುತ್ತಿರುವುದೂ ಅದೇ ಪರೀಕ್ಷೆ, ಒಂದೇ ವ್ಯತ್ಯಾಸ, ರಾಮನ್ ಅವಧಿ ಎಷ್ಟು ಎಂದು ಮೊದಲೇ ಹೇಳಿದ್ದರು.

ಪೀಣ್ಯ ಅಕ್ಕ:

ನಾನು ನೌಕರಿ ಮಾಡಿದವಳಲ್ಲ, ಪೀಣ್ಯದಲ್ಲಿ ಸಣ್ಣ ಮೆಷಿನಿಂಗ್ ಯೂನಿಟ್ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಇನ್ನೂ ಚೆಂದ. ಕಾಗದದ ಮೇಲೆ ಹೆಂಗಸೇ ಮಾಲೀಕಳು, ಅಧಿಕಾರ ಮಾತ್ರ ಗಂಡನದು, ಇಂಥ ಯೂನಿಟ್‌ಗಳು ಬೇಕಾದಷ್ಟಿವೆ. ಸಬ್ಸಿಡಿಗೆ ಹೆಂಡತಿ ಹೆಸರಲ್ಲಿ ನೋಂದಣಿ ಮಾಡಿಸಿರುತ್ತಾರೆ. ಅದರಿಂದ ನಿಜವಾಗಿ ನಡೆಸುವ ನನ್ನಂಥವಳಿಗೂ ಏಟು. ಲೋನಿಗೆ ಹೋದರೆ ಬ್ಯಾಂಕಿನವರು ನನ್ನ ಆರ್ಡರ್ ಬುಕ್ ನೋಡುವ ಮೊದಲೇ “ಯಜಮಾನರು ಬಂದಿಲ್ವಾ ಮೇಡಂ?” ಎಂದರು. ಸಪ್ಲೈಯರ್ ಫೋನ್ ಮಾಡಿದರೂ ಅಷ್ಟೇ, “ಸರ್‌ಗೆ ಕೊಡಿ”. ಯಾವ ಸರ್?

ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಶುರು ಮಾಡಿದಾಗಲೂ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡಿದವು. ಆಸ್ಟ್ರೇಲಿಯಾಗೆ ಹೋಗಿ ಬ್ರೂಯಿಂಗ್ ಕಲಿತು ಬಂದವರು ಅವರು, ಇಲ್ಲಿ ಹೆಂಗಸಿಗೆ ಬ್ರೂಮಾಸ್ಟರ್ ಕೆಲಸ ಕೊಡಲು ಯಾರೂ ಮುಂದೆ ಬರಲಿಲ್ಲ. ಕೊಟ್ಟಿದ್ದರೆ ಬಯೋಕಾನ್ ಇರುತ್ತಿತ್ತೋ ಇಲ್ಲವೋ!

ದೊಡ್ಡ ಕಂಪನಿಗಳೂ ಕಮ್ಮಿ ಇಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಲಿಸ್ಟೆಡ್ ಕಂಪನಿಗಳ ಬೋರ್ಡಿನಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು ಎಂದು ಬಂತು. ಎಷ್ಟೋ ಕಡೆ ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕೂರಿಸಿ ಕೈ ತೊಳೆದುಕೊಂಡರು. ಆಮೇಲೆ ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿ ಮನೆಯವರಲ್ಲದ ಸ್ವತಂತ್ರ ಮಹಿಳಾ ನಿರ್ದೇಶಕರೇ ಬೇಕು ಎಂದು ಮಾಡಿತು, ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, 1000ಕ್ಕೆ 2020ರ ಏಪ್ರಿಲ್‌ನಿಂದ. ಬರೀ ಕುರ್ಚಿ ಕೊಟ್ಟರೆ ಆಗುವುದಿಲ್ಲ ಅಂತ ಸೆಬಿಗೂ ಗೊತ್ತಾಯಿತಲ್ಲ. ನಿಮ್ಮ ಡೈರೆಕ್ಟರ್‌ಗೆ ಒಂದೇ ಪ್ರಶ್ನೆ ಹಾಕಿ ತಂಗಿ, “ನಾನು ಯಾವುದಕ್ಕೆಲ್ಲ ಸೈನ್ ಹಾಕಬಹುದು?” ಉತ್ತರ ಅಲ್ಲೇ ಸಿಗುತ್ತದೆ. ನನ್ನ ಥರ ಸ್ವಂತ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ರಾಜಾಜಿನಗರದ ಅವೇಕ್‌ಗೆ (ಮಹಿಳಾ ಉದ್ಯಮಿಗಳ ಸಂಘ) ಒಮ್ಮೆ ಹೋಗಿ ಬನ್ನಿ, 1983ರಿಂದ ಹೆಣ್ಣುಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದಾರೆ.

ಬೆಳ್ಳಂದೂರು ಸಂಜೆ:

ಎಲ್ಲರಿಗೂ ಥ್ಯಾಂಕ್ಸ್. ಒಂದು ವಿಷಯ ಮೊದಲು ಬರೆದಿರಲಿಲ್ಲ. ಎರಡನೇ ಮಗುವಿನ ಯೋಚನೆ ಇದೆ, ಈಗಲೇ ಅಲ್ಲ, ಆದರೆ ಬಹಳ ತಡ ಮಾಡುವುದಿಲ್ಲ. ಮ್ಯಾನೇಜರ್ ಹುದ್ದೆ ಒಪ್ಪಿಕೊಳ್ಳುವ ಮೊದಲು ಇದನ್ನು ಡೈರೆಕ್ಟರ್‌ಗೆ ಹೇಳಬೇಕಾ? ಹೇಳದಿದ್ದರೆ ಮೋಸ ಮಾಡಿದ ಹಾಗೆ ಅನ್ನಿಸುತ್ತಿದೆ. ಶುಕ್ರವಾರ ಮೀಟಿಂಗ್ ಇದೆ.

ಫಿಲ್ಟರ್ ಕಾಫಿ ಡಬಲ್:

ಹೇಳಬೇಡಿ. ಯಾವ ಗಂಡಸೂ ಪ್ರಮೋಷನ್ ಲೆಟರ್ ತೆಗೆದುಕೊಳ್ಳುವಾಗ ಮನೆಯ ಪ್ಲಾನ್ ಹೇಳುವುದಿಲ್ಲ, ಬೇರೆ ಕಂಪನಿಗೆ ಇಂಟರ್‌ವ್ಯೂ ಕೊಡುತ್ತಿರುವುದನ್ನಂತೂ ಹೇಳುವುದೇ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಮೇತ ರಜೆ ಇದೆ, ಮೊದಲು 12 ವಾರ ಇತ್ತು. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ, ನಿಮಗೆ ನಷ್ಟ ಆಗುವ ಹಾಗೆ ಷರತ್ತು ಬದಲಿಸುವ ಹಾಗೂ ಇಲ್ಲ. 50 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿಯಾದರೆ ಕ್ರೆಶ್ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಇದು ಹಕ್ಕು, ಇದರಲ್ಲಿ ಮೋಸ ಎಲ್ಲಿಂದ ಬಂತು?

ನಿಜವಾದ ತೊಂದರೆ ರಜೆಯಿಂದ ವಾಪಸ್ ಬಂದ ಮೇಲೆ. ಟೀಮ್ ಇನ್ನೊಬ್ಬರ ಕೈಯಲ್ಲಿರುತ್ತದೆ, ರೇಟಿಂಗ್ “ಈ ವರ್ಷ ನೀವು ಇರಲಿಲ್ವಲ್ಲ” ಅಂತ ಸಾಧಾರಣಕ್ಕೆ ಬೀಳುತ್ತದೆ. ಅದಕ್ಕೇ ಈಗ ಆಕ್ಟಿಂಗ್ ಆಗಿ ಉಳಿಯಬೇಡಿ ಅನ್ನುವುದು. ಲೆಟರ್ ಇದ್ದರೆ ನೀವು ರಜೆಗೆ ಹೋದಾಗ ಬರುವವರು ಆಕ್ಟಿಂಗ್ ಆಗುತ್ತಾರೆ. ಇಲ್ಲದಿದ್ದರೆ ಅವರೇ ಮ್ಯಾನೇಜರ್. ನಿಮ್ಮಲ್ಲಿ ರಜೆ ವರ್ಷದ ರೇಟಿಂಗ್ ಕೆಲಸ ಮಾಡಿದ ತಿಂಗಳುಗಳ ಮೇಲೆ ಹಾಕುತ್ತಾರಾ ಅನ್ನುವುದನ್ನು ಪಾಲಿಸಿ ಪೇಜಿನಲ್ಲಿ ನೀವೇ ಓದಿಕೊಳ್ಳಿ, ಯಾರನ್ನೂ ಕೇಳಲು ಹೋಗಬೇಡಿ.

ಶುಕ್ರವಾರ ಮೀಟಿಂಗ್ ಮುಗಿದ ಸಂಜೆಯೇ ಮೇಲ್ ಹಾಕಿ. “ಇವತ್ತು ಮಾತಾಡಿದ ಹಾಗೆ” ಎಂದು ಶುರು ಮಾಡಿ, ಹುದ್ದೆ, ಗ್ರೇಡ್, ತಾರೀಖು, ರೇಟಿಂಗ್ ಯಾರು ಹಾಕುವುದು ಅನ್ನುವುದನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಸಿಸಿಯಲ್ಲಿ ಎಚ್‌ಆರ್ ಇರಲಿ. ಸೋಮವಾರದೊಳಗೆ ಉತ್ತರ ಬರದಿದ್ದರೆ ಇಲ್ಲಿ ಬಂದು ಹೇಳಿ, ರೆಸ್ಯೂಮೆ ನಾನು ನೋಡಿಕೊಡುತ್ತೇನೆ.