ಅಪ್‌ಡೇಟ್: ಹಲಸಿನ ಬಟ್ಟಲಿನ ಕೆತ್ತನೆ ಕೊನೆಗೂ ಕೂತ್ಕೊಂಡ್ತು

ಹೋದ ವಾರ ಕೇಳಿದ್ನಲ್ಲ, ಲೇತಲ್ಲಿ (ಮರ ಗರಗರ ತಿರುಗಿಸಿ ದುಂಡಗೆ ಕಡೆಯೋ ಯಂತ್ರ) ಕಡೆದ ಹಲಸಿನ ಮರದ ಬಟ್ಟಲಿನ ಹೊರಮೈಗೆ ಸುತ್ತ ಬಳ್ಳಿ ಕೆತ್ತೋಕೆ ಹೋದ್ರೆ ಎರಡು ಕಡೆ ಮಾತ್ರ ಚಕ್ಕೆ ಕಿತ್ಕೊಂಡು ಬರ್ತಿದೆ ಅಂತ, ಈಗ ಸರಿಯಾಯ್ತು. ನೀರು ಹಚ್ಚಿ ಕೆತ್ತು ಅಂತ ಕೆಲವರು ಅಂದಿದ್ದು ನಂಗೆ ಆಗ್ಲಿಲ್ಲ, ನಾರು ಎದ್ದು ಇನ್ನೂ ಗಲೀಜಾಯ್ತು. ಉಳಿ ಓಡಿಸೋ ದಿಕ್ಕು ಬದಲಾಯಿಸು ಅಂದವರ ಮಾತೇ ಸರಿ. ಹಲಗೆ ತುಂಡಿಂದ ಮಾಡಿದ ಬಟ್ಟಲು ಅಂದ್ರೆ ಸುತ್ತಿನ 4 ಭಾಗದಲ್ಲಿ 2 ಕಡೆ ಉಳಿ ನಾರಿನ ಜೊತೆ ಹೋಗತ್ತೆ, ಉಳಿದ 2 ಕಡೆ ಎದುರಿಗೆ, ಅಲ್ಲಿ ಉಳಿ ತಿರುಗಿಸಿ ಎದುರು ದಿಕ್ಕಿಂದ ಕೆತ್ತಬೇಕು.

ಶಿರಸಿಲಿ ಗುಡಿಗಾರರ (ತಲೆಮಾರುಗಳಿಂದ ಕೆತ್ತನೆ ಮಾಡೋರು) ಅಜ್ಜ ಒಬ್ರಿಗೆ ಬಟ್ಟಲು ತೋರಿಸ್ದೆ, ಅವ್ರು ಮೊದ್ಲು ನೋಡಿದ್ದೇ ನನ್ನ ಉಳಿ! ಚರ್ಮದ ಪಟ್ಟಿ ಮೇಲೆ ಉಜ್ಜಿ ಕೊಟ್ರು, ಅದೇ ಮರ ಬೆಣ್ಣೆ ಥರ ಬಂತು. ಬಟ್ಟಲನ್ನ ಚಕ್‌ನಿಂದ (ಲೇತಲ್ಲಿ ಮರ ಹಿಡಿಯೋ ಹಿಡಿಕೆ) ಬಿಚ್ಚದೆ, ಲೇತ್ ತಿರುಗದ ಹಾಗೆ ಲಾಕ್ ಮಾಡಿ ಕೆತ್ತಿದ್ರೆ ಎರಡೂ ಕೈ ಫ್ರೀ.